ಬಿಟ್ಟ ಪ್ರಶ್ನೆಗೆ ಅಂಕ ಕಳೆಯುವುದಿಲ್ಲ

ಸಂಕ್ರಾಂತಿ ಕಳೆಯಿತೆಂದರೆ ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ರಾತ್ರಿ ದೀಪ ಬೇಗ ಆರುವುದಿಲ್ಲ. ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್ ಒಂದರ ಬೆನ್ನಿಗೆ ಒಂದು ಬರುತ್ತವೆ. ನಡುವೆ ಕೋಚಿಂಗ್, ಮೇಲಿಂದ ಮೇಲೆ ಮಾಕ್ ಟೆಸ್ಟ್. ನಾವು ಫ್ಲಾಸ್ಕಿನಲ್ಲಿ ಕಾಫಿ ಮಾಡಿಟ್ಟು ಮಲಗುತ್ತೇವೆ. ಮಗಳು ಎರಡು ಗಂಟೆಯವರೆಗೂ ಓದುತ್ತಾಳೆ. ಬೆಳಿಗ್ಗೆ ಅವಳ ಕೆಂಪಾದ ಕಣ್ಣು ಕಂಡಾಗ ಮರುಕವಾಗುತ್ತದೆ, ಒಳಗೊಳಗೇ ಹೆಮ್ಮೆಯೂ ಆಗುತ್ತದೆ. ಆ ಹೆಮ್ಮೆ ಸರಿಯೇ ಎಂದು ಹೆತ್ತವರಾದ ನಾವು ಒಮ್ಮೆ ಯೋಚಿಸಬೇಕು.

ನೀಟ್ ಪರೀಕ್ಷೆಯ ಲೆಕ್ಕವನ್ನೇ ನೋಡಿ. 180 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ, ಬಿಟ್ಟರೆ ಏನೂ ಇಲ್ಲ. ತಿಳಿಯದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದೂ ಅಲ್ಲಿ ಒಂದು ಜಾಣತನ. ಓದಿನ ದಿನಚರಿಗೂ ಇದೇ ಲೆಕ್ಕ ಸಲ್ಲುತ್ತದೆ. ದಣಿದ ರಾತ್ರಿ ಬಿಟ್ಟ ಪಾಠವನ್ನು ನಾಳೆ ಓದಬಹುದು. ನಿದ್ದೆಗೆಟ್ಟು ಓದಿದ ಪಾಠ ಮಾತ್ರ ಗಳಿಸಿದ್ದರಲ್ಲೇ ಕಳೆಯುತ್ತದೆ. ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರಲು ಮಿದುಳಿಗೆ ನಿದ್ದೆ ಬೇಕು. ಮೇಲಾಗಿ ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ. ತಿಂಗಳುಗಟ್ಟಲೆ ರಾತ್ರಿ ಎಚ್ಚರವಿದ್ದು ಊಟದ ನಂತರ ತೂಕಡಿಸಿದ ದೇಹ, ಆ ಒಂದು ದಿನ ಮಾತ್ರ ಚುರುಕಾಗಿರಲು ಹೇಗೆ ಸಾಧ್ಯ? ಅತಿನಿದ್ರೆಯೂ ಸಲ್ಲದು, ಅತಿಜಾಗರಣೆಯೂ ಸಲ್ಲದು ಎಂಬುದು ಗೀತೆಯ ಆರನೆಯ ಅಧ್ಯಾಯದ ವಿವೇಕ. ಯೋಗಕ್ಕೆ ಹೇಳಿದ ಆ ಮಾತು ಓದಿಗೂ ಒಪ್ಪುತ್ತದೆ.

ಇನ್ನು ಪರೀಕ್ಷೆಯ ಭಯ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಬಲ್ಲದ್ದೂ ಮರೆತಂತಾಗುವುದು ಅನೇಕ ಮಕ್ಕಳ ಅನುಭವ. ಅದು ದಡ್ಡತನದ ಗುರುತಲ್ಲ ಎಂದು ಮೊದಲೇ ಹೇಳಿಡೋಣ. ನಿಧಾನವಾಗಿ ನಾಲ್ಕಾರು ಸಲ ಉಸಿರು ಬಿಟ್ಟು, ಉತ್ತರ ಬರುವ ಪ್ರಶ್ನೆಯಿಂದಲೇ ಶುರುಮಾಡಿದರೆ ಮನಸ್ಸು ಹದಕ್ಕೆ ಬರುತ್ತದೆ. ಮಾಕ್ ಟೆಸ್ಟ್ ಇದಕ್ಕೂ ಅಭ್ಯಾಸವಾಗಲಿ. ಆದರೆ ಮಗು ವಾರಗಟ್ಟಲೆ ಊಟ ಬಿಟ್ಟರೆ, ಮಾತು ಕಡಿಮೆ ಮಾಡಿದರೆ, ಏನು ಓದಿದರೂ ತಲೆಗೆ ಹತ್ತುತ್ತಿಲ್ಲವೆಂದು ಅತ್ತರೆ, ಅದನ್ನು ಸೋಮಾರಿತನ ಎನ್ನಬೇಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಆಪ್ತಸಲಹೆ ಸಿಗುತ್ತದೆ.

ಉಪಾಯಗಳೆಲ್ಲ ಮಕ್ಕಳಿಗೆ ಹೆಚ್ಚುಕಡಿಮೆ ಗೊತ್ತೇ ಇರುತ್ತವೆ. ಆದರೂ ಅವರು ಪುಸ್ತಕ ಮುಚ್ಚುವುದಿಲ್ಲ, ಏಕೆಂದರೆ ಮನೆಯವರು ಕಟ್ಟಿದ ಶುಲ್ಕ, ಪಟ್ಟ ಕಷ್ಟ ಅವರ ಕಣ್ಣ ಮುಂದಿರುತ್ತದೆ. ವಿಶ್ರಾಂತಿ ಅವರಿಗೆ ಹೆತ್ತವರಿಗೆ ಮಾಡುವ ದ್ರೋಹದಂತೆ ಕಾಣುತ್ತದೆ. ಆದ್ದರಿಂದ ವಿಶ್ರಾಂತಿಯ ಅಪ್ಪಣೆ ಹಿರಿಯರ ಬಾಯಿಂದಲೇ ಬರಬೇಕು. ಮಾಕ್ ಟೆಸ್ಟಿನ ಅಂಕ ನಮ್ಮ ಮೊಬೈಲಿಗೆ ಬಂದ ದಿನ ಊಟ ಮುಗಿಯುವವರೆಗಾದರೂ ಆ ಮಾತು ಎತ್ತದಿರೋಣ. ಹತ್ತೂವರೆಗೆ ಟಿವಿ, ಮೊಬೈಲು ಆರಿಸಿ ನಾವೂ ಮಲಗೋಣ. "ಇವತ್ತಿಗೆ ಸಾಕು ಮಗಳೇ, ಮಲಕ್ಕೋ" ಎಂದು ಮನಸಾರೆ ಹೇಳುವುದು ಶುಲ್ಕ ಕಟ್ಟಿದಷ್ಟೇ ದೊಡ್ಡ ಕರ್ತವ್ಯ. ಈ ಅಭಯವನ್ನು ಯಾವ ಕೋಚಿಂಗ್ ಸೆಂಟರೂ ಕೊಡಲಾರದು; ಮನೆಯೇ ಕೊಡಬೇಕು.