ದುಂದಿನ ಹುಳು

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ಉಳಿತಾಯ ಸಮಿತಿ ತನ್ನ ಜಾಹೀರಾತುಗಳಲ್ಲಿ ಒಂದು ಹುಳುವನ್ನು ಹರಿಯಬಿಟ್ಟಿತು. ಹೆಸರು ‘ಸ್ಕ್ವಾಂಡರ್ ಬಗ್’. ನಮ್ಮ ಮಾತಿನಲ್ಲಿ ದುಂದಿನ ಹುಳು. ಮೈಮೇಲೆ ನಾಜಿಗಳ ಸ್ವಸ್ತಿಕದ ಗುರುತು. ಪೇಟೆಗೆ ಹೊರಟ ಗೃಹಿಣಿಯನ್ನು ಬೇಡದ್ದನ್ನು ಕೊಳ್ಳುವಂತೆ ಪುಸಲಾಯಿಸುವುದೇ ಅದರ ಕೆಲಸ.

ಉಳಿತಾಯಕ್ಕೆ ಕಾರಣವಿತ್ತು, ಒಪ್ಪೋಣ. ಕಾರ್ಖಾನೆಗಳು ಯುದ್ಧಸಾಮಗ್ರಿಯ ಕಡೆ ತಿರುಗಿದ್ದವು. ಜನರ ಕೈಯಲ್ಲಿ ಕೂಲಿಯ ಹಣವಿತ್ತು, ಅಂಗಡಿಯಲ್ಲಿ ಸಾಕಷ್ಟು ಸರಕಿರಲಿಲ್ಲ. ಆ ಹಣವೆಲ್ಲ ಪೇಟೆಗಿಳಿದರೆ ಬೆಲೆ ಏರದೆ ಇದ್ದೀತೆ? ಇಷ್ಟನ್ನೇ ಬಿಡಿಸಿ ಹೇಳಿದ್ದರೆ ಅದು ತಿಳಿವಳಿಕೆಯುಳ್ಳವರಿಗೆ ಆಡಿದ ಮಾತಾಗುತ್ತಿತ್ತು. ಹೆಣ್ಣೊಬ್ಬಳ ಸಣ್ಣ ಆಸೆಗೆ ಶತ್ರುವಿನ ಮುದ್ರೆಯೊತ್ತುವುದು ನ್ಯಾಯವೆ?

1941ರ ಜೂನ್ 1ರಂದು ಬಟ್ಟೆಗೆ ಬಂದ ಪಡಿತರವೇ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಮೊದಲ ವರ್ಷ ತಲಾ 66 ಕೂಪನ್. ಸಿರಿವಂತನಿಗೂ ಅಷ್ಟೆ, ಕೂಲಿಯವನಿಗೂ ಅಷ್ಟೆ. ಯಾರ ಮನಸ್ಸನ್ನೂ ಅದು ಕೆದಕಲಿಲ್ಲ. ಅಲ್ಲಿಯೂ ಸಮಾನತೆ ಪೂರ್ತಿಯಲ್ಲವೆನ್ನಿ: ಬೀರುವಿನ ತುಂಬ ಒಳ್ಳೆಯ ಉಣ್ಣೆಯ ಕೋಟುಗಳಿದ್ದವರಿಗೆ, ಇದ್ದುದನ್ನೇ ಹೊಲಿದು ತೊಡಿರೆಂಬ ಸರಕಾರದ ಉಪದೇಶ ಸಲೀಸು. ತೇಪೆಯ ಮೇಲೆ ತೇಪೆ ಹಾಕಿ ಸಾಕಾದವಳು ಅದನ್ನೋದಿ ಏನೆಂದುಕೊಂಡಳೋ! ಅವಳ ಚೀಲಕ್ಕೂ ಅದೇ ಹುಳುವನ್ನು ಅಂಟಿಸಿದ್ದರು.