ಮನೆ ಗೆದ್ದು ಮಾರು ಗೆಲ್ಲು

'ಮನೆ ಗೆದ್ದು ಮಾರು ಗೆಲ್ಲು' ಎಂಬ ಗಾದೆಯನ್ನು ಹಿರಿಯರು ಬುದ್ಧಿವಾದವಾಗಿ ಹೇಳುವುದುಂಟು: ಮನೆಯ ಹೊಣೆ ಮೊದಲು, ಊರಿನ ಉಸಾಬರಿ ಆಮೇಲೆ. ಹೆಣ್ಣುಮಕ್ಕಳ ಪಾಲಿಗೆ ಆ 'ಆಮೇಲೆ' ಬರುತ್ತಿದ್ದುದೇ ಅಪರೂಪ. ಗಾದೆಗೆ ಇನ್ನೊಂದು ಅರ್ಥವೂ ಇದೆ. ಮನೆಯವರ ಒಪ್ಪಿಗೆಯನ್ನೂ ಆಸರೆಯನ್ನೂ ಗಳಿಸಿಕೊಂಡವರು ಅದೇ ಬಲದಿಂದ ಹೊರಗಿನದನ್ನೂ ಗೆಲ್ಲುತ್ತಾರೆ. ಭಾರತದ ಮೊದಲ ಮಹಿಳಾ ಇಂಜಿನಿಯರುಗಳಲ್ಲಿ ಒಬ್ಬರಾದ ಎ. ಲಲಿತಾ ಅವರ ಬದುಕು ಈ ಅರ್ಥಕ್ಕೆ ಸಾಕ್ಷಿ.

ಮದರಾಸಿನ ತೆಲುಗು ಕುಟುಂಬದಲ್ಲಿ 1919ರಲ್ಲಿ ಹುಟ್ಟಿದ ಲಲಿತಾ ಅವರಿಗೆ 15ನೆಯ ವಯಸ್ಸಿಗೇ ಮದುವೆಯಾಯಿತು. 18ಕ್ಕೆ ಗಂಡ ತೀರಿಕೊಂಡಾಗ ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು. ಆ ಕಾಲದ ವಿಧವೆಗೆ ಕಾದಿದ್ದುದು ಮೂಲೆಯ ಬಾಳು. ಆದರೆ ತಂದೆ ಪಪ್ಪು ಸುಬ್ಬರಾವ್ ಮಗಳ ಬೆನ್ನಿಗೆ ನಿಂತರು. ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಪ್ರಾಧ್ಯಾಪಕರಾಗಿದ್ದ ಅವರು ಪ್ರಾಂಶುಪಾಲ ಕೆ. ಸಿ. ಚಾಕೋ ಅವರನ್ನು ಒಪ್ಪಿಸಿ, 1940ರಲ್ಲಿ ಮಗಳನ್ನು ಅಲ್ಲಿಗೇ ಸೇರಿಸಿದರು. ನೂರಾರು ಹುಡುಗರ ನಡುವೆ ಒಬ್ಬಳೇ ಹುಡುಗಿ. ಮಗು ಹತ್ತಿರದಲ್ಲೇ ಬಂಧುಗಳ ಮನೆಯಲ್ಲಿತ್ತು. ಹಾಸ್ಟೆಲಿನಿಂದ ತಾಯಿ ವಾರಾಂತ್ಯಕ್ಕೆ ಬಂದು ನೋಡಿಹೋಗುತ್ತಿದ್ದರು. ಸ್ವಲ್ಪ ಕಾಲದಲ್ಲೇ ಲೀಲಮ್ಮ ಜಾರ್ಜ್ ಮತ್ತು ಪಿ. ಕೆ. ತ್ರೇಸಿಯಾ ಎಂಬ ಇನ್ನಿಬ್ಬರು ಹುಡುಗಿಯರು ಸಿವಿಲ್ ವಿಭಾಗಕ್ಕೆ ಸೇರಿದರು. ಲಲಿತಾ ಓದು ಮುಗಿಸಿದಾಗ, ಗಂಡಸರಿಗೆಂದೇ ಅಚ್ಚಾಗಿದ್ದ ಪದವಿಪತ್ರದಲ್ಲಿ ಸರ್ವನಾಮವನ್ನು ಹೊಡೆದುಹಾಕಿ, ಸ್ತ್ರೀಲಿಂಗದ ರೂಪವನ್ನು ಕೈಯಲ್ಲಿ ಬರೆದುಕೊಡಬೇಕಾಯಿತು.

ಜಮಾಲ್‌ಪುರದ ರೈಲ್ವೆ ಕಾರ್ಯಾಗಾರದಲ್ಲಿ ತರಬೇತಿ ಮುಗಿಸಿದ ಮೇಲೆ ಕೆಲಸ ಆರಿಸಿಕೊಳ್ಳುವಾಗಲೂ ಲಲಿತಾ ಮಗಳನ್ನು ಮರೆಯಲಿಲ್ಲ. ಮೊದಲು ಕೆಲಸಕ್ಕೆ ಸೇರಿದ ಶಿಮ್ಲಾದಲ್ಲಿ ಅಣ್ಣತಮ್ಮಂದಿರ ಆಸರೆಯಿತ್ತು, 1948ರಿಂದ ಕಲ್ಕತ್ತೆಯಲ್ಲೂ ಇತ್ತು. ಒಡಹುಟ್ಟಿದವರ ಸಂಸಾರದ ನಡುವೆ ಮಗು ಬೆಳೆಯಿತು, ತಾಯಿ ಕಚೇರಿಗೆ ಹೋದರು. ಇದು ತ್ಯಾಗದ ಕತೆಯಷ್ಟೇ ಅಲ್ಲ, ಎಚ್ಚರದಿಂದ ಹಾಕಿಕೊಂಡ ಲೆಕ್ಕಾಚಾರವೂ ಹೌದು. ಗಾದೆಯ ಮೊದಲ ಮಾತು ಇಲ್ಲಿ ನಿಜವಾಗುತ್ತದೆ.

ಎರಡನೆಯ ಮಾತಿಗೆ ಸಾಕ್ಷಿ ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್‌ನಲ್ಲಿ ಅವರು ಮಾಡಿದ ಕೆಲಸ: ವಿದ್ಯುತ್ ಪ್ರಸರಣ ಮಾರ್ಗಗಳ, ಉಪಕೇಂದ್ರಗಳ ವಿನ್ಯಾಸ. ಭಾಕ್ರಾ ನಂಗಲ್ ಯೋಜನೆಯಲ್ಲೂ ಅವರ ಪಾಲಿತ್ತು. 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಇಂಜಿನಿಯರು ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಆಹ್ವಾನ ಬಂತು; ಮರುವರ್ಷ ಲಂಡನ್ನಿನ ಮಹಿಳಾ ಇಂಜಿನಿಯರಿಂಗ್ ಸಂಘದ ಸದಸ್ಯತ್ವವೂ ದೊರೆಯಿತು. ಅದೇ ಸರಣಿಯ 1967ರ ಕೇಂಬ್ರಿಡ್ಜ್ ಸಮ್ಮೇಳನಕ್ಕೆ ಭಾರತದ ಪ್ರತಿನಿಧಿಯಾಗಿ ದುಡಿದದ್ದರಲ್ಲಿ, ತಮ್ಮ ಹಿಂದೆ ಬರುವ ಹುಡುಗಿಯರಿಗೆ ದಾರಿ ತೆರೆಯುವ ಕಾಳಜಿ ಕಾಣುತ್ತದೆ. 1979ರಲ್ಲಿ, 60ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.