ಕಾಣದಿದ್ದರೂ ಪ್ರಮಾಣಿಸಿ ನೋಡು

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಕಂಡದ್ದನ್ನೇ ನಂಬಿ ದುಡುಕಬೇಡ ಎಂಬುದು ಅದರ ತಾತ್ಪರ್ಯ. ಆದರೆ ಕಾಣದೇ ಇರುವುದರ ವಿಷಯದಲ್ಲಿ ಏನು ಮಾಡಬೇಕು? ಕಣ್ಣಿಗೆ ಬೀಳಲಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲವೆಂದು ಹೇಳಬಹುದೇ? ಇದು ಪಂಡಿತರ ಒಣ ಚರ್ಚೆಯೆಂದು ತೋರಬಹುದು. ಆದರೆ ಪಿಟ್ಯುಟರಿ ಗ್ರಂಥಿಯ ಗೆಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದವರಿಗೆ, ಅದರಲ್ಲೂ ಕಾರಿಲ್ಲದೆ ಜೀವನ ಸಾಗದ ನಮ್ಮ ಈ ಬ್ರಿಟನ್ನಿನಲ್ಲಿ, ಇದು ನಿತ್ಯದ ಪ್ರಶ್ನೆ.

ಮೊದಲು ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ. ಪಿಟ್ಯುಟರಿ ಎಂಬುದು ಮೆದುಳಿನ ಕೆಳಗೆ, ಮೂಗಿನ ಹಿಂಭಾಗದಲ್ಲಿ ಇರುವ ಬಟಾಣಿ ಕಾಳಿನಷ್ಟು ಗ್ರಂಥಿ. ಅದರ ಮೇಲೆ, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಅಂತರದಲ್ಲಿ, ಎರಡು ಕಣ್ಣುಗಳಿಂದ ಬರುವ ದೃಷ್ಟಿನರಗಳು ಕೂಡುವ ಸಂಗಮವಿದೆ. ಎರಡೂ ಕಣ್ಣುಗಳ ಹೊರಬದಿಯ ನೋಟವನ್ನು ಹೊತ್ತು ತರುವ ಎಳೆಗಳು ಅಲ್ಲಿಯೇ ಒಂದನ್ನೊಂದು ದಾಟಿ ಆಚೆ ಬದಿಗೆ ಹೋಗುತ್ತವೆ. ಇಲ್ಲಿ ಬೆಳೆಯುವ ಗೆಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೂ ಗೆಡ್ಡೆ ಮೇಲಕ್ಕೆ ಬೆಳೆದು ಸಂಗಮವನ್ನು ಒತ್ತಿದರೆ ಎಡಗಣ್ಣಿನ ಎಡಭಾಗ, ಬಲಗಣ್ಣಿನ ಬಲಭಾಗ ನಿಧಾನವಾಗಿ ಮಾಯವಾಗುತ್ತವೆ, ಸಾಮಾನ್ಯವಾಗಿ ಮೇಲಿನ ಮೂಲೆಗಳಿಂದ ಆರಂಭಿಸಿ. ನೇರ ಎದುರಿನ ನೋಟ ಮಾತ್ರ ಬಹಳ ಕಾಲ ಚೆನ್ನಾಗಿಯೇ ಇರಬಹುದು.

1907ರಲ್ಲಿ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ಎಂಬ ವೈದ್ಯರು ಮೂಗಿನ ಮಾರ್ಗದಿಂದ ಈ ಗೆಡ್ಡೆಯನ್ನು ತೆಗೆದು ತೋರಿಸಿದರು. ಇಂದು ಎಂಡೋಸ್ಕೋಪಿನ ನೆರವಿನಿಂದ ಅದೇ ದಾರಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಒತ್ತಡ ಇಳಿದ ಮೇಲೆ ಹೆಚ್ಚಿನವರ ದೃಷ್ಟಿ ಸುಧಾರಿಸುತ್ತದೆ. ಕೆಲವರಿಗೆ ಗಂಟೆಗಳಲ್ಲೇ ವ್ಯತ್ಯಾಸ ತಿಳಿಯುತ್ತದೆ. ಉಳಿದ ಚೇತರಿಕೆ ವಾರ, ತಿಂಗಳುಗಳ ಕಾಲ ಮುಂದುವರಿಯುತ್ತದೆ. ನರದ ಎಳೆಗಳು ಆಗಲೇ ಸವೆದು ತೆಳುವಾಗಿದ್ದರೆ ಅಷ್ಟು ಮರಳಿ ಬಾರದು. ಶಸ್ತ್ರಚಿಕಿತ್ಸೆಯ ನಂತರ ನೋಟ ಇದ್ದಕ್ಕಿದ್ದಂತೆ ಕುಂದಿದರೆ ಮಾತ್ರ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈಗ ಮುಖ್ಯ ಮಾತಿಗೆ ಬರೋಣ. ಹೋದ ನೋಟ ಕಪ್ಪು ಪರದೆಯಂತೆ ಕಾಣುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ನಮ್ಮ ತಲೆಯ ಹಿಂದೆ ನಮಗೆ ಏನು ಕಾಣುತ್ತದೆ? ಕತ್ತಲೆಯೂ ಇಲ್ಲ, ಬೆಳಕೂ ಇಲ್ಲ. ಅಲ್ಲಿ ನೋಟವೆಂಬುದೇ ಇಲ್ಲ, ಅದರ ಕೊರತೆಯೂ ನಮ್ಮನ್ನು ಕಾಡುವುದಿಲ್ಲ. ಆರೋಗ್ಯವಂತರ ಪ್ರತಿ ಕಣ್ಣಿನಲ್ಲೂ ನರ ಹೊರಡುವ ಜಾಗದಲ್ಲಿ ಒಂದು ಕುರುಡು ಚುಕ್ಕೆಯಿದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಎಡ್ಮ್ ಮರಿಯೋಟ್ ಅದನ್ನು ತೋರಿಸಿಕೊಡುವವರೆಗೆ ಯಾರೂ ಗಮನಿಸಿರಲಿಲ್ಲ. ನೋಟದ ನಷ್ಟ ತನ್ನ ಬರವನ್ನು ತಾನೇ ಸಾರುವುದಿಲ್ಲ. ಆದ್ದರಿಂದಲೇ "ನನಗೆಲ್ಲಾ ಚೆನ್ನಾಗಿ ಕಾಣುತ್ತಿದೆ" ಎಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೂ ಅದು ನಿಜವಾಗಬೇಕೆಂದಿಲ್ಲ.

ನಮ್ಮ ಮೀಮಾಂಸಕರು ಈ ತೊಡಕನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಕುಮಾರಿಲ ಭಟ್ಟರ ಪರಂಪರೆಯವರೂ ಅದ್ವೈತಿಗಳೂ ಒಪ್ಪುವ ಆರು ಪ್ರಮಾಣಗಳಲ್ಲಿ ಕೊನೆಯದು ಅನುಪಲಬ್ಧಿ, ಎಂದರೆ ಕಾಣದಿರುವಿಕೆ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಆದರೆ ಇದಕ್ಕೊಂದು ಕರಾರಿದೆ: ಗಡಿಗೆ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸನ್ನಿವೇಶವಿರಬೇಕು. ಕತ್ತಲೆಯ ಕೋಣೆಯಲ್ಲಿ ನಿಂತು ಗಡಿಗೆ ಇಲ್ಲವೆನ್ನುವಂತಿಲ್ಲ. ಇದನ್ನು ಯೋಗ್ಯಾನುಪಲಬ್ಧಿ ಎಂದರು. ಪಾರ್ಶ್ವದೃಷ್ಟಿ ಕಳೆದುಕೊಂಡವರು ರಸ್ತೆಯಲ್ಲಿ "ಎಡಕ್ಕೆ ಯಾರೂ ಇಲ್ಲ" ಎಂದು ನಿರ್ಧರಿಸುವಾಗ ತಪ್ಪಿಹೋಗುವುದು ಈ ಕರಾರೇ. ಕತ್ತಲೆಯ ಕೋಣೆಯಲ್ಲಿ ಇರುವವನಿಗೆ ಕತ್ತಲೆಯಿದೆ ಎಂಬುದಾದರೂ ತಿಳಿದಿರುತ್ತದೆ. ಇವರಿಗೆ ಅದೂ ತಿಳಿಯದು.

ಇಲ್ಲಿನ ನಿಯಮವನ್ನು ಗಮನಿಸಿ. ಕಾರು ಓಡಿಸುವವರು 20 ಮೀಟರ್ ದೂರದಿಂದ ನಂಬರ್ ಪ್ಲೇಟ್ ಓದಬೇಕು. ಪಿಟ್ಯುಟರಿ ರೋಗಿಗಳಲ್ಲಿ ಅನೇಕರು ಇದನ್ನು ಸಲೀಸಾಗಿ ಓದುತ್ತಾರೆ. ಆದರೆ ಅಡ್ಡಲಾಗಿ ಕನಿಷ್ಠ 120 ಡಿಗ್ರಿ ಅಗಲದ ದೃಷ್ಟಿಕ್ಷೇತ್ರವೂ ಇರಬೇಕು, ನಡುವಿನ ಭಾಗದಲ್ಲಿ ಗಣನೀಯ ದೋಷವಿರಬಾರದು. ಎರಡೂ ಕಣ್ಣುಗಳ ದೃಷ್ಟಿಕ್ಷೇತ್ರ ಕುಂದಿದ್ದರೆ ಡಿವಿಎಲ್‌ಎಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ 1,000 ಪೌಂಡಿನವರೆಗೆ ದಂಡವಿದೆ. ಪರೀಕ್ಷೆ ಸರಳ: ನಡುವಿನ ಬಿಂದುವನ್ನೇ ನೋಡುತ್ತಾ, ಸುತ್ತಲೂ ಬೆಳಕಿನ ಚುಕ್ಕೆ ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ಕಾಣದ ಚುಕ್ಕೆಗಳ ಲೆಕ್ಕವನ್ನು ಯಂತ್ರ ಇಡುತ್ತದೆ.

"ಮೂವತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದ್ದೇನೆ, ನನ್ನ ಕಣ್ಣು ನನಗೆ ಗೊತ್ತಿಲ್ಲವೇ?" ಎಂದು ಕೇಳುವವರ ಸಂಕಟ ಸಣ್ಣದಲ್ಲ. ಲೈಸೆನ್ಸ್ ಹೋದರೆ ಕೆಲಸಕ್ಕೆ ತೊಂದರೆ, ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರುವ ಸಂತೋಷವಿಲ್ಲ, ಚಳಿಗಾಲದ ಸಂಜೆಯಲ್ಲಿ ದೇವಸ್ಥಾನಕ್ಕೆ ಬರಲೂ ಇನ್ನೊಬ್ಬರನ್ನು ಕೇಳಬೇಕು. ಯಾರಿಗೂ ಭಾರವಾಗದೆ ಬಾಳಿದವರಿಗೆ ಇದು ಎರಡನೆಯ ಶಸ್ತ್ರಚಿಕಿತ್ಸೆಯಿದ್ದಂತೆ. ಆದರೂ ನನ್ನ ಅಭಿಪ್ರಾಯ ಸ್ಪಷ್ಟ. ನನ್ನ ಸ್ವಾತಂತ್ರ್ಯದ ಬೆಲೆಯನ್ನು ನಾನು ತೆರಬಹುದು. ಎಡಗಡೆಯ ಫುಟ್‌ಪಾತಿನಿಂದ ಇಳಿದ ಪರರ ಮಗು ತೆರಬಾರದು. ಗೊತ್ತಿಲ್ಲದೆ ಮಾಡುವ ಅಪರಾಧಕ್ಕೆ ಕ್ಷಮೆಯುಂಟು. ಆದರೆ ನಿಮಗೆ ಗೊತ್ತಾಗದಿರಬಹುದು, ಪರೀಕ್ಷಿಸಿಕೊಳ್ಳಿ ಎಂದು ವೈದ್ಯರು ಹೇಳಿದ ಮೇಲೆ ಗೊತ್ತಿರಲಿಲ್ಲ ಎಂಬ ಮಾತು ಉಳಿಯುವುದಿಲ್ಲ.

ಇದೇ ವಾದ ಮತ್ತೊಂದು ದಿಕ್ಕಿನಲ್ಲೂ ಸಲ್ಲುತ್ತದೆ. "ಇನ್ನು ನನ್ನ ಕಣ್ಣು ಮುಗಿಯಿತು" ಎಂದು ಮೂಲೆ ಸೇರುವವರ ಹತಾಶೆಯೂ ಪ್ರಮಾಣವಲ್ಲ. ಇಂದು ಕಾಣದ ಚುಕ್ಕೆ ಆರು ತಿಂಗಳ ಬಳಿಕ ಕಾಣಬಹುದು. ದೃಷ್ಟಿಕ್ಷೇತ್ರ ಮಟ್ಟಕ್ಕೆ ಬಂದರೆ ಲೈಸೆನ್ಸನ್ನು ಮತ್ತೆ ಕೇಳಬಹುದು. ಗೆಡ್ಡೆ ಮರಳಿ ಬೆಳೆಯುವ ಸಾಧ್ಯತೆಯೂ ಇರುವುದರಿಂದ, ಎಲ್ಲವೂ ಸರಿಯಿದೆ ಎನಿಸುವ ವರ್ಷಗಳಲ್ಲೂ ಪರೀಕ್ಷೆಯನ್ನು ತಪ್ಪಿಸಬಾರದು.

ಹಾಗಾದರೆ ಜೊತೆಯಲ್ಲಿರುವವರ ಕರ್ತವ್ಯವೇನು? ಬಾಗಿಲ ಚೌಕಟ್ಟಿಗೆ ಭುಜ ತಗಲುವುದು, ಪಕ್ಕದಲ್ಲಿಟ್ಟ ಲೋಟ ಉರುಳುವುದು, ಸೂಜಿಗೆ ದಾರ ಪೋಣಿಸಲಾಗದಿರುವುದು, ಇವೆಲ್ಲ ಮೊದಲು ಕಾಣುವುದು ಮಡದಿಗೋ ಮಗನಿಗೋ. "ಪಾಪ, ನೊಂದುಕೊಳ್ಳುತ್ತಾರೆ" ಎಂದು ಸುಮ್ಮನಿರುವುದು ಪ್ರೀತಿಯಂತೆ ಕಂಡರೂ ಪ್ರೀತಿಯಲ್ಲ. ಮುಂದಿನ ಅನಾಹುತದಲ್ಲಿ ಆ ಮೌನಕ್ಕೂ ಪಾಲಿದೆ. ಹಾಗೆಂದು ಬೀಗದ ಕೈ ಕಿತ್ತುಕೊಂಡು ನಮ್ಮ ಪಾಡಿಗೆ ಹೋಗುವುದೂ ಧರ್ಮವಲ್ಲ. ಓಡಿಸಬೇಡಿ ಎನ್ನುವ ಬಾಯಿ, ಎಷ್ಟು ಗಂಟೆಗೆ ಬರಲಿ ಎಂದೂ ಕೇಳಬೇಕು. ಅವರು ಕೇಳುವ ಮೊದಲೇ ನಾವು ಕೇಳಿದರೆ ಯಾಚನೆಯ ಮುಜುಗರವೂ ಅವರಿಗಿರದು.

ನಮ್ಮ ನೋಟದ ಅಂಚು ಎಲ್ಲಿ ಮುಗಿಯುತ್ತದೆಂದು ನಮ್ಮಲ್ಲಿ ಯಾರಿಗೂ ತಾನಾಗಿ ತಿಳಿಯುವುದಿಲ್ಲ. ಅದನ್ನು ತಿಳಿಸಲು ಪಕ್ಕದಲ್ಲಿ ಇನ್ನೊಬ್ಬರು ಬೇಕು, ಹಾಗೂ ಅವರು ಹೇಳಿದಾಗ ಕೇಳುವ ಮನಸ್ಸು ನಮಗಿರಬೇಕು. ಈ ಊರಿನಲ್ಲಿ ಬಂಧುಗಳಿಂದ ದೂರವಿರುವ ನಾವು ಒಬ್ಬರಿಗೊಬ್ಬರು ಆ ಪಕ್ಕದ ಕಣ್ಣಾಗಿರೋಣ ಎಂಬುದು ನನ್ನ ಸವಿನಯ ಪ್ರಾರ್ಥನೆ.